ಸೂಜಿ ಹಿಂದಕ್ಕೆ ಹೋಗುವ ಆಟ

ಬೀದಿ ತಿರುವಿನ ಹೊಲಿಗೆ ಅಂಗಡಿಯ ಅಕ್ಕ ಕಂಪ್ಯೂಟರ್ ಆಟ ಮಾಡುತ್ತಾಳೆಂದರೆ ಮೊದಮೊದಲು ಯಾರೂ ನಂಬಲಿಲ್ಲ. ಕಾಲೇಜಿನ ಮೆಟ್ಟಿಲು ತುಳಿದವಳಲ್ಲ. ಅವಳ ತಮ್ಮ ಬಿಸಾಡಲು ಹೊರಟಿದ್ದ ಲ್ಯಾಪ್‌ಟಾಪನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟುಕೊಂಡು, ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ವಿಡಿಯೊ ನೋಡಿ ನೋಡಿ ತಾನಾಗಿ ಕಲಿತಳು. ಹಾಗೆ ಕಲಿತ ವಿದ್ಯೆಗೆ ಒಂದು ಗತ್ತಿರುತ್ತದೆ. ಅವಳಿಗೂ ಇತ್ತು.

ಅವಳು ಸೇರುತ್ತಿದ್ದುದು ಗೇಮ್ ಜಾಮ್ ಎಂಬ ಕೂಟಕ್ಕೆ. ಎಲ್ಲೆಲ್ಲಿಯವರೋ ಇಂಟರ್ನೆಟ್ಟಿನಲ್ಲಿ ಕೂಡುತ್ತಾರೆ. ನಡೆಸುವವರು ಒಂದು ಪದ ಕೊಡುತ್ತಾರೆ. ಶನಿವಾರ ಭಾನುವಾರ ಕಳೆಯುವುದರೊಳಗೆ ಆ ಪದ ಹಿಡಿದು ಪುಟ್ಟದೊಂದು ಆಟ ಮಾಡಿ ಹಾಕಬೇಕು. ಆಮೇಲೆ ಒಬ್ಬರ ಆಟ ಇನ್ನೊಬ್ಬರು ಆಡಿ ಅಭಿಪ್ರಾಯ ಬರೆಯಬೇಕು. ಅಕ್ಕ ಎಲ್ಲರಿಗೂ ‘ತುಂಬಾ ಚೆನ್ನಾಗಿದೆ’ ಎಂದು ಬರೆಯುತ್ತಿದ್ದಳು. ಅವರೂ ಅವಳಿಗೆ ಅದನ್ನೇ ಬರೆಯುತ್ತಿದ್ದರು. ಹಚ್ಚಿದ ಬೆಣ್ಣೆಯೇ ತಿರುಗಿ ಬರುತ್ತಿತ್ತು. ಯಾರೂ ಆಟವನ್ನು ಪೂರ್ತಿ ಆಡಿದಂತೆ ಕಾಣುತ್ತಿರಲಿಲ್ಲ.

ಈ ಸಲ ಸಿಕ್ಕ ಪದ ‘ಬಾಗಿಲು’. ಅಕ್ಕ ಒಂದು ಅಂಗಿಯೊಳಗೆ ಸೂಜಿಯನ್ನು ಓಡಲು ಬಿಟ್ಟಳು. ಕಾಲರು, ತೋಳು, ಜೇಬು ಒಂದೊಂದೂ ಒಂದು ಕೋಣೆ. ಗುಂಡಿ ತೂರಿಸುವ ಕಾಜವೇ ಬಾಗಿಲು. ಕೊನೆಯ ಕೋಣೆಯಲ್ಲಿ, ತನಗೆ ಹೊಲಿಗೆ ಕಲಿಸಿ ಕಣ್ಮುಚ್ಚಿದ ಅತ್ತೆಯ ಹಳೆಯ ಮಿಷನ್ನಿನ ಚಿತ್ರ ಬಿಡಿಸಿಟ್ಟಳು. ಒಬ್ಬರಾದರೂ ಅಲ್ಲಿತನಕ ಹೋಗಿ ಅದನ್ನು ನೋಡಲಿ ಎಂಬುದೊಂದೇ ಆಸೆ.

ಬಂದದ್ದು ಬೇರೆ. ಗೂಬೆಯ ಚಿತ್ರ ಹಾಕಿಕೊಂಡ ಯಾರೋ ಬರೆದಿದ್ದರು: ‘ಚಿತ್ರ ಚಂದ. ಆದರೆ ಮೊದಲ ಕಾಜವೇ ತೆರೆಯಲಿಲ್ಲ. ಸೂಜಿಯನ್ನು ಕುಣಿಸಿದೆ, ಗುದ್ದಿಸಿದೆ, ಸಾಕಾಗಿ ಬಿಟ್ಟೆ. ಏನು ಮಾಡಬೇಕೆಂದು ಆಡುವವರಿಗೆ ತಿಳಿಯುವುದಾದರೂ ಹೇಗೆ?’

ಅಕ್ಕನಿಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ, ಉದ್ದ ಕಡಿಮೆ ಮಾಡಲು ಕೊಟ್ಟಿದ್ದ ಕೋಟು ಒಯ್ಯಲು ನಾದಿನಿ ಬಂದಳು.

“ಯಾಕತ್ತಿಗೆ, ಮುಖ ಹೀಗೆ ಊದಿಸ್ಕೊಂಡಿದೀರ?”

“ಯಾವುದೋ ಗೂಬೆಗೆ ನನ್ನ ಆಟ ಆಡೋಕೆ ಬರ್ಲಿಲ್ವಂತೆ. ಒಂದು ಬಾಗಿಲು ತೆಗೆಯೋಷ್ಟು ಬುದ್ಧಿ ಬೇಡ್ವೇನೇ?”

“ಸರೀರಿ ಆ ಕಡೆ. ನನಗಿರೋ ಬುದ್ಧಿಗೆ ತೆಗೆಯತ್ತಾ ನೋಡೋಣ. ಆದ್ರೆ ನೀವು ಬಾಯಿ ಹಾಕ್ಬಾರ್ದು. ನಾನು ಅಡುಗೆ ಮಾಡುವಾಗ ಪಕ್ಕದಲ್ಲಿ ನಿಂತು ಉಪ್ಪೆಷ್ಟು ಅಂತ ಹೇಳಿಕೊಟ್ಟ ಹಾಗೆ ಇಲ್ಲೂ ಶುರು ಮಾಡಿದ್ರೆ ಎದ್ದು ಹೋಗ್ತೀನಿ.”

ಬಾಯಿ ಮುಚ್ಚಿಕೊಂಡಿರುವುದು ಅಕ್ಕನ ಜಾಯಮಾನವಲ್ಲ. ಅದಕ್ಕೇ, ಅಂಚು ಮಡಿಸುವಾಗ ಮಾಡುವಂತೆ, ನಾಲ್ಕು ಗುಂಡುಪಿನ್ನು ತೆಗೆದು ತುಟಿಯ ನಡುವೆ ಕಚ್ಚಿಕೊಂಡು ನಿಂತಳು.

ನಾದಿನಿ ಸೂಜಿಯನ್ನು ಕಾಜಕ್ಕೆ ಒಯ್ದಳು. ಗುದ್ದಿಸಿದಳು. ಹಾರಿಸಿದಳು. ಮತ್ತೆ ಗುದ್ದಿಸಿದಳು.

“ಮ್ಮ್! ಮ್ಮ್!” ಅಕ್ಕ ಕೈ ಚಾಚಿದಳು.

ನಾದಿನಿ ಆ ಕೈಗೊಂದು ಪೆಟ್ಟು ಕೊಟ್ಟಳು. “ಏನದು, ಕರು ಕಳಕೊಂಡ ಹಸು ಹಾಗೆ? ಸುಮ್ನಿರಿ!”

ಸುಮ್ಮನೆ ನೋಡುತ್ತ ನಿಂತಾಗಲೇ ಅಕ್ಕನ ಕಣ್ಣಿಗೆ ಬಿತ್ತು: ನಾದಿನಿ ಒಂದು ಸಲವೂ ಸೂಜಿಯನ್ನು ಹಿಂದಕ್ಕೆ ನಡೆಸಲಿಲ್ಲ. ಯಾಕೆ ನಡೆಸಿಯಾಳು? ಬಾಗಿಲು ಮುಂದಿರುವಾಗ ಯಾರು ಹಿಂದಕ್ಕೆ ಹೋಗುತ್ತಾರೆ? ಹೊಲಿಯುವವರು ಮಾತ್ರ. ಹೊಲಿಗೆ ಶುರುಮಾಡುವಾಗ ಒಂದೆರಡು ಹೊಲಿಗೆ ಹಿಂದಕ್ಕೆ ಹಾಕಿ ಬಿಗಿಮಾಡದಿದ್ದರೆ ದಾರ ಬಿಚ್ಚಿಕೊಳ್ಳುತ್ತದೆಂದು ಅತ್ತೆ ಗದರಿ ಗದರಿ ಕಲಿಸಿದ್ದರು. ಅದು ಅಕ್ಕನ ಕೈಗೆ ಎಷ್ಟು ಹತ್ತಿತ್ತೆಂದರೆ, ಹಿಂದೆ ಹೋದರಷ್ಟೇ ಕಾಜ ತೆರೆಯುವಂತೆ ಮಾಡಿಟ್ಟು, ಇದು ಲೋಕಕ್ಕೆಲ್ಲ ಗೊತ್ತಿರುವ ಸಂಗತಿಯೆಂದೇ ತಿಳಿದಿದ್ದಳು.

ಪಿನ್ನುಗಳನ್ನು ಉಗಿದು, “ಗೂಬೆ ಅವರಲ್ಲ ಕಣೇ, ನಾನು” ಎಂದಳು.

ಆಟ ಹಾಕುವ ಗಡುವು ಮುಗಿದಿದ್ದರೂ, ಅಭಿಪ್ರಾಯ ಬರೆಯುವ ದಿನಗಳಲ್ಲಿ ತಪ್ಪು ತಿದ್ದಿ ಮತ್ತೆ ಹಾಕಲು ಅವಕಾಶವಿತ್ತು. ಯಾರದೋ ಪ್ಯಾಂಟು ಮಿಷನ್ನಿನಲ್ಲೇ ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ಅಕ್ಕ ಲ್ಯಾಪ್‌ಟಾಪ್ ಬಿಟ್ಟು ಏಳಲಿಲ್ಲ. ಸೂಜಿಯ ಬೆನ್ನ ಹಿಂದೆ ದಾರದ ಸಡಿಲ ತುದಿಯೊಂದು ಮಿನುಗುತ್ತ ಕರೆಯುವಂತೆ ಮಾಡಿದಳು.

ನಾದಿನಿ ಮತ್ತೆ ಆಡಿದಳು. ಈಗ ಯಾರೂ ಹೇಳದೆ ಸೂಜಿ ಹಿಂದಕ್ಕೆ ಹೋಯಿತು, ಗಂಟು ಬಿಗಿಯಿತು, ಕಾಜ ತೆರೆಯಿತು. ತೋಳು ದಾಟಿ, ಜೇಬು ದಾಟಿ ಕೊನೆಯ ಕೋಣೆ ಮುಟ್ಟಿದವಳು ಪರದೆಯ ಹತ್ತಿರಕ್ಕೆ ಬಾಗಿದಳು.

“ಅಮ್ಮನ ಮಿಷನ್ನು” ಎಂದಳು. “ಚಕ್ರದ ಹಿಡಿ ಮುರಿದಿದ್ದನ್ನೂ ಬಿಟ್ಟಿಲ್ವಲ್ಲ ನೀವು.” ಸೆರಗಿನಿಂದ ಮೂಗೊರೆಸಿಕೊಂಡು, “ಆದ್ರೆ ಇಷ್ಟು ಕಪ್ಪಿರ್ಲಿಲ್ಲ ಅದು. ಬಣ್ಣ ತಿದ್ದಿ.”

ಇನ್ನೊಂದು ದಿನವಾಗಿದ್ದರೆ ಅಕ್ಕ ವಾದಕ್ಕೆ ನಿಲ್ಲುತ್ತಿದ್ದಳು. ಅಂದು ಬಣ್ಣ ತಿದ್ದಿದಳು.

ಆಮೇಲೆ ಗೂಬೆಗೆ ಬರೆದಳು: ‘ನೀವು ಬೈದಿದ್ದಕ್ಕೆ ನನ್ನ ಬಾಗಿಲು ತೆರೆಯಿತು. ಈ ಉಪಕಾರ ಮರೆಯುವುದಿಲ್ಲ.’ ಗೂಬೆ ಅದೇ ಕೂಟಕ್ಕೆ ಮಾಡಿ ಹಾಕಿದ್ದ ದೋಣಿ ಆಟವನ್ನೂ ದಡ ಸೇರುವ ತನಕ ಆಡಿದಳು. ‘ತುಂಬಾ’ ಎಂದು ಬೆರಳು ತಾನಾಗಿ ಹೊರಟದ್ದನ್ನು ತಡೆದು ಅಳಿಸಿ, ‘ಅಲೆ ಏಳುವುದು ಬಹಳ ಹಿಡಿಸಿತು. ಅಕ್ಷರಗಳು ಮಾತ್ರ ಇರುವೆ ಸಾಲು. ಓದಲು ಕನ್ನಡಕದ ಮೇಲೆ ಕನ್ನಡಕ ಬೇಕು’ ಎಂದು ಇದ್ದದ್ದು ಇದ್ದಂತೆ ಬರೆದಳು.

ಮರುದಿನ ಉತ್ತರ ಬಂತು. ‘ಅಕ್ಷರ ದೊಡ್ಡದು ಮಾಡಿದ್ದೇನೆ. ನನ್ನ ಆಟವನ್ನು ದಡದ ತನಕ ಆಡಿದವರು ನೀವೇ ಮೊದಲು. ನಾನೂ ನಿಮ್ಮ ಕೊನೆಯ ಕೋಣೆಗೆ ಹೋಗಿ ಬಂದೆ. ಆ ಮಿಷನ್ನು ಯಾರದು?’

ಅಕ್ಕ ಅದನ್ನು ಮತ್ತೆ ಮತ್ತೆ ಓದಿದಳು. ಆಮೇಲೆ ನಾದಿನಿಯನ್ನು ಕೂಗಿ ಕರೆಸಿ, ಪಕ್ಕದ ಸ್ಟೂಲಿನ ಮೇಲೆ ಕೂರಿಸಿಕೊಂಡು, ‘ನಮ್ಮ ಅತ್ತೆಯದು’ ಎಂದು ಶುರುಮಾಡಿದಳು.

“ಹಿಡಿ ಮುರಿದಿದ್ದು ಯಾರು ಅಂತ ಮಾತ್ರ ಬರೀಬೇಡಿ ಅತ್ತಿಗೆ” ಎಂದಳು ನಾದಿನಿ.

ಅಕ್ಕ ಅದನ್ನೂ ಬರೆದಳು.