ನಾಲ್ಕೂವರೆ ಇಂಚಿನ ಗೋಡೆ

ಸೂಜಿಗೆ ದಾರ ಪೋಣಿಸುವವರಂತೆ ಎಡಗಣ್ಣು ಮುಚ್ಚಿಕೊಂಡು, ಮೂಗು ತಾಗುವಷ್ಟು ಹತ್ತಿರ ಬಗ್ಗಿ ಮೇಡಂ ಕಂಪ್ಯೂಟರ್ ಪರದೆ ನೋಡುತ್ತಿದ್ದರು. ನಕ್ಷೆಯ ಒಂದು ಮೂಲೆಯನ್ನು ದೊಡ್ಡದು ಮಾಡುತ್ತ ಹೋಗಿ, ಎರಡು ಗೆರೆಗಳ ನಡುವೆ ಕೂದಲೆಳೆಯಷ್ಟು ಸಂದು ಕಂಡರೆ ಅವರ ಮುಖ ಅರಳುತ್ತಿತ್ತು. "ಇಲ್ಲೈತೆ ನೋಡು. ಗೆರೆ ಕೂಡಿಲ್ಲ ಅಂದ್ರೆ ಅದು ಕೋಣೆನೇ ಅಲ್ಲ."

ಹೊನ್ನಾಳಿಯಲ್ಲಿ ಹಾರ್ಡ್‌ವೇರ್ ಅಂಗಡಿಯೊಂದರ ಮಹಡಿಯ ಮೇಲೆ ಅವರದು ಮನೆ ನಕ್ಷೆ ಬರೆದುಕೊಡುವ ಆಫೀಸು. ಡಿಪ್ಲೊಮಾ ಮುಗಿಸಿ ನಾನು ಅಲ್ಲಿ ಸೇರಿದೆ. ವಿಸ್ತೀರ್ಣವೆಂದರೆ ಮೂಲೆಗಳ ಮೇಲೆ ಕ್ಲಿಕ್ ಮಾಡುವುದು, ಬಂದ ಸಂಖ್ಯೆ ಬರೆಯುವುದು, ಅಷ್ಟೇ ಎಂದುಕೊಂಡಿದ್ದೆ. ಮೇಡಂ ಮೊದಲ ವಾರವೇ ನಮ್ಮ ಆಫೀಸು ಕೋಣೆಯನ್ನೇ ಅಳೆದು ಬರೆಯಲು ಹೇಳಿದರು. ತಾವೂ ಬರೆದರು. ನನ್ನ ಸಂಖ್ಯೆ ಒಂದು, ಅವರದು ಇನ್ನೊಂದು.

"ಎರಡೂ ಸರಿ. ನೀನು ಗೋಡೆ ಒಳಗಿಂದ ಅಳೆದೆ, ನಾನು ಹೊರಗಿಂದ. ಗೋಡೆ ಲೆಕ್ಕದಾಗೆ ಐತೋ ಇಲ್ವೋ ಅಂತ ಮೊದ್ಲು ಕೇಳ್ಬೇಕು. ಆಮೇಲೆ ಮೌಸ್ ಮುಟ್ಬೇಕು."

ಕೇಳುವುದು ಅವರ ಹುಟ್ಟುಗುಣ. ಟೈಲ್ಸ್ ಕೂರಿಸುವವನನ್ನು ನಿಲ್ಲಿಸಿ, ನಡುಮಧ್ಯದಿಂದ ಯಾಕೆ ಶುರು ಮಾಡುತ್ತೀಯಪ್ಪ ಎಂದು ಕೇಳುವರು. ಮದುವೆಗೆ ಹೋದರೆ ಊಟದ ಹಾಲ್‌ನಲ್ಲಿ ಕಂಬ ಯಾಕೆ ಅಲ್ಲಿ ಬಂತೆಂದು ಯೋಚಿಸುತ್ತ ಎಲೆಯ ಮೇಲಿನ ಪಾಯಸ ಆರಿಹೋಗಲು ಬಿಡುವರು.

ಒಂದು ಸಲ ಕೆರೆಬಿಳಚಿಯ ಅಣ್ಣತಮ್ಮಂದಿರು ಮನೆಯ ನಡುವೆ ಗೋಡೆ ಹಾಕಿ ಪಾಲಾಗಲು ಹೊರಟಿದ್ದರು. ಮುಂಭಾಗ ಅಣ್ಣನಿಗೆ, ಹಿಂಭಾಗ ತಮ್ಮನಿಗೆ. ಕೋಣೆಗಳ ಉದ್ದ ಅಗಲ ಅವರೇ ಅಳೆದು ಫೋನಿಗೆ ಕಳಿಸಿದರು. ಎರಡೂ ಪಾಲು ಸಮ ಬರುವಂತೆ ನಾವು ಗೋಡೆಯ ಜಾಗ ಗುರುತಿಸಿಕೊಟ್ಟೆವು. ಕೆಲವೇ ದಿನಗಳಲ್ಲಿ ತಮ್ಮನ ಹೆಂಡತಿ ಬಸ್ಸು ಹತ್ತಿ ಆಫೀಸಿಗೇ ಬಂದಳು.

"ನಮ್ ಪಾಲು ಸಣ್ಣದು ಕಾಣ್ತೈತ್ರಿ ಮೇಡಂ. ಹಂಗಂದಿದ್ದಕ್ಕೆ ಅಕ್ಕ ನನ್ ಹತ್ರ ಮಾತೇ ಬಿಟ್ಟೈತೆ. ಕಂಪ್ಯೂಟರ್ ಸಮ ಅಂತೈತೆ. ನನ್ ಕಣ್ಣು ಸುಳ್ಳು ಹೇಳ್ತಾವಾ?"

ಅಕ್ಕ ಎಂದರೆ ಅವಳ ವಾರಗಿತ್ತಿ, ಅಣ್ಣನ ಹೆಂಡತಿ. ನಾನು ನಕ್ಷೆ ತೆರೆದು ಇನ್ನೊಮ್ಮೆ ಅಳೆದೆ. ಅದೇ ಸಂಖ್ಯೆ ಬಂತು.

"ಅದು ನಾವು ಬರೆದಿದ್ದನ್ನ ಅಳೀತೈತೆ, ಮನೇನ ಅಳೆಯಲ್ಲ" ಎಂದು ಮೇಡಂ ಎದ್ದರು. "ಹೋಗಿ ನೋಡ್ಕಂಡು ಬರಾನ ಬಾ."

ಹಿಂದಿನ ಕೋಣೆಯಲ್ಲಿ ಬಾಗಿಲಿನ ಎದುರು ತುದಿಗೆ ಭತ್ತದ ಮೂಟೆ ಒಟ್ಟಿದ್ದರು. ಹಾಗಾಗಿ ಅಗಲವನ್ನು ಬಾಗಿಲ ಕಡೆ ಮಾತ್ರ ಅಳೆದಿದ್ದರು. ಮೂಟೆ ಸರಿಸಿ ಟೇಪು ಹಿಡಿದರೆ ಅಲ್ಲಿ ಎರಡು ಅಡಿ ಕಡಿಮೆ! ಮೇಡಂಗೆ ತಪ್ಪು ಸಿಕ್ಕಿದ್ದಕ್ಕಿಂತ ಅದರ ಕಾರಣ ಬೇಕಾಗಿತ್ತು. "ಗೋಡೆ ಹಿಂಗ್ಯಾಕೆ ಓರೆ ಹೋಗೈತೆ?"

ಅಲ್ಲಿಯವರೆಗೆ ಮುಖ ತಿರುಗಿಸಿಕೊಂಡು ನಿಂತಿದ್ದ ಹಿರಿಯಾಕೆ, ಅಣ್ಣನ ಹೆಂಡತಿ, ಮಾತಾಡಿದಳು. "ಅಲ್ಲೊಂದು ಬೇವಿನ ಮರ ಇತ್ರಿ. ಕಡ್ಸಾಕೆ ನಮ್ಮತ್ತೆಗೆ ಮನಸ್ಸು ಬರ್ಲಿಲ್ಲ. ಗೋಡೆನೇ ಓರೆ ಕಟ್ಸಿದ್ರು."

ಮೇಡಂ ಜಗಲಿಯ ಮೇಲೆ ಕೂತು ಲ್ಯಾಪ್‌ಟಾಪಿನಲ್ಲಿ ಕೋಣೆಯನ್ನು ಇದ್ದ ಹಾಗೆ ಬರೆದರು. ತಮ್ಮನ ಪಾಲು ನಿಜಕ್ಕೂ ಕಡಿಮೆ ಬಂತು. ಸಮ ಮಾಡಬೇಕೆಂದರೆ ಹೊಸ ಗೋಡೆ ಹಿರಿಯಾಕೆಯ ಅಡುಗೆಮನೆ ಕಡೆ ಸರಿಯಬೇಕು. ಅವಳ ಮುಖ ಸಣ್ಣಗಾಯಿತು. "ಹಂಗಾದ್ರೆ ನಾನು ಒಲೆ ಮುಂದೆ ತಿರುಗಾಡಾಕೆ ಜಾಗ ಎಲ್ಲೈತ್ರಿ?"

ಮೇಡಂ ಪರದೆಯ ಮೇಲೆ ಹೊಸ ಗೋಡೆಯ ಎರಡು ಗೆರೆಗಳನ್ನು ದೊಡ್ಡದು ಮಾಡಿ ನೋಡಿದರು. ಆಮೇಲೆ ಕೇಳಿದರು: "ಈ ಗೋಡೆ ಮೇಲೆ ಭಾರ ಏನೂ ಬೀಳಲ್ಲ. ಒಂಬತ್ತಿಂಚು ಯಾಕೆ ಬೇಕು? ನಾಲ್ಕೂವರೆ ಇಂಚು ಹಾಕ್ಸಿದ್ರೆ ಉಳಿದ ಜಾಗ ಇಬ್ರಿಗೂ ಹಂಚಬೋದು." ಹಾಗೆ ಬರೆದು ತೋರಿಸಿದರು. ಅಡುಗೆಮನೆ ಮೂರು ಬೆರಳಿನಷ್ಟು ಮಾತ್ರ ಕಿರಿದಾಯಿತು.

"ಅಷ್ಟು ತೆಳ್ಳಗೆ ಹಾಕ್ಸಿದ್ರೆ ಮಾತಾಡಿದ್ದೆಲ್ಲ ಆ ಕಡೆ ಕೇಳ್ಸಲ್ವಾ?" ಎಂದಳು ಹಿರಿಯಾಕೆ.

"ಕೇಳ್ಲಿ ಬಿಡಕ್ಕ" ಎಂದಳು ಕಿರಿಯಳು. "ಇಷ್ಟು ವರ್ಷ ಗೋಡೆನೇ ಇರ್ಲಿಲ್ಲಲ್ಲ."

ಹಿರಿಯಾಕೆ ಸೆರಗು ಬಾಯಿಗೆ ಒತ್ತಿಕೊಂಡಳು. ನಗುವೋ ಅಳುವೋ ತಿಳಿಯಲಿಲ್ಲ. ಒಳಗೆ ಹೋಗಿ ಎಲ್ಲರಿಗೂ ಟೀ ತಂದಳು. ಮೊದಲ ಲೋಟವನ್ನು ಕಿರಿಯಳ ಕೈಗೆ ಕೊಟ್ಟಳು.

ಕಳೆದ ವರ್ಷ ಮೇಡಂ ಕಾಯಿಲೆ ಬಿದ್ದು ಜಗಳೂರಿನ ತಂಗಿಯ ಮನೆಗೆ ಹೋದರು. ಆಫೀಸು ನನ್ನ ಪಾಲಿಗೆ ಬಂತು. ಸಂಜೆ ಅವರು ತಪ್ಪದೆ ಫೋನ್ ಮಾಡಿ, "ಇವತ್ತೇನು ಬರೆದೆ?" ಎಂದು ಕೇಳುವರು. ಒಂದು ದಿನ, ಸವಳಂಗದ ಶಾಲೆಯೊಂದಕ್ಕೆ ಬಿಸಿಯೂಟದ ಅಡುಗೆಕೋಣೆ ಎಂದೆ. ವಿಸ್ತೀರ್ಣ ಒಂದಿಷ್ಟೂ ಆಚೀಚೆ ಇಲ್ಲ ಎಂದು ಬೀಗಿದೆ.

"ಅಡುಗೆ ಮಾಡೋರು ಸೌಟು ಹಿಡಿಯೋದು ಎಡಗೈಯಾಗೋ, ಬಲಗೈಯಾಗೋ?" ಎಂದರು. ಅವರ ದನಿ ತೀರಾ ಇಳಿದಿತ್ತು.

ನಾನು ಕೇಳಿರಲಿಲ್ಲ.

ಮರುದಿನ ಬಸ್ಸು ಹತ್ತಿ ಹೋಗಿ ಕೇಳಿದೆ. ಅಡುಗೆಯಮ್ಮ ಸೌಟು ಹಿಡಿದಿದ್ದ ಎಡಗೈಯನ್ನು ಮೇಲೆತ್ತಿ ತೋರಿಸಿ, "ಇಷ್ಟು ವರ್ಷದಾಗೆ ಯಾರೂ ಕೇಳಿರ್ಲಿಲ್ಲ ನೋಡ್ರಿ" ಎಂದು ನಕ್ಕರು. ಅಲ್ಲೇ ಶಾಲೆಯ ಅಂಗಳದಲ್ಲಿ ನಿಂತು ಮೇಡಂಗೆ ಫೋನ್ ಮಾಡಿದೆ. ಎತ್ತಿದ್ದು ಅವರ ತಂಗಿ. "ಅಕ್ಕ ಬೆಳಿಗ್ಗೆ ಹೋಗ್ಬಿಟ್ಳಮ್ಮ" ಎಂದರು.

ಜಗಳೂರಿಗೆ ಹೋಗಿ ಅವರ ಅಂತ್ಯಕ್ರಿಯೆ ಮುಗಿಸಿ ಬಂದ ಮೇಲೆ ಆ ನಕ್ಷೆ ತೆರೆದೆ. ಒಲೆಯ ಕಟ್ಟೆ, ನಲ್ಲಿ, ಪಾತ್ರೆ ಇಡುವ ಜಾಗ ಎಲ್ಲವನ್ನೂ ಎಡಗೈಗೆ ಒದಗುವಂತೆ ಬದಲಿಸಿ ಬರೆದೆ. ಮತ್ತೆ ಅಳೆದೆ. ವಿಸ್ತೀರ್ಣ ಮಾತ್ರ ಮೊದಲಿನಷ್ಟೇ ಇತ್ತು.