ಸಿಂಗಟಾಲೂರಿನ ಕುಲುಮೆ

ಬೆಟಗೇರಿಯಲ್ಲಿ ಸಾಣೆ ಹಿಡಿಯುವ ಕಸುಬಿನ ಸಿಕಲೀಗರ ಸಿಖ್ಖರ ಮನೆಯೆಂದು ಉಳಿದಿರುವುದು ಮೇಹರಸಿಂಗ ಟಾಕನದೊಂದೇ. ಉಳಿದವರು ಹುಬ್ಬಳ್ಳಿ, ನಾಂದೇಡ ಸೇರಿದರು. ಹೆಂಡತಿ ತೀರಿಕೊಂಡು ಆರು ವರ್ಷ. ಅರವತ್ತೆಂಟರ ಮೇಹರಸಿಂಗ ಕುಡುಗೋಲು, ಇಳಿಗೆಗಳಿಗೆ ಸಾಣೆ ಹಿಡಿಯುತ್ತಾನೆ. ಮನೆಮಾತಿನಲ್ಲಿ ಮಾತಾಡಬೇಕೆಂದರೆ ಮುಂಡರಗಿಯ ತಂಗಿ ಜೀವನಕೌರಳಿಗೆ ಫೋನು ಮಾಡುತ್ತಾನೆ. ಜಗಳಕ್ಕೆ ನಿಂತರೆ ಮಾತ್ರ ಇಬ್ಬರೂ ಕನ್ನಡಕ್ಕೆ ಇಳಿಯುತ್ತಾರೆ.

ಸಿಖ್ಖರ ಬಾಯಿಮಾತಿನ ಇತಿಹಾಸ ಬರೆಯುತ್ತಿರುವ ಉಪನ್ಯಾಸಕಿ ಶಿವರಂಜನಿಗೆ ಅವನು ಹೋದ ತಿಂಗಳು, ಅಜ್ಜನಿಂದ ಕೇಳಿದ್ದೆಂದು, ಮನೆತನದ ಕತೆ ಹೇಳಿದ್ದ. ಅವರ ಮೂಲಪುರುಷ ಗುರು ಗೋವಿಂದಸಿಂಗರ ದಂಡಿನಲ್ಲಿ ಕತ್ತಿಗೆ ಸಾಣೆ ಹಿಡಿಯುತ್ತಿದ್ದನಂತೆ. ಗುರು ನಾಂದೇಡದಲ್ಲಿ ತೀರಿಕೊಂಡ ಮೇಲೆ ದಕ್ಷಿಣಕ್ಕೆ ನಡೆದು, ಸಿಂಗಟಾಲೂರಿನ ಹೊಳೆದಂಡೆಯಲ್ಲಿ ಕುಲುಮೆ ಹೂಡಿದನಂತೆ.

ಈ ವಾರ ಶಿವರಂಜನಿ ಮುಂಡರಗಿಗೂ ಹೋಗಿ ಬಂದಳು.

"ಕಾಕಾ, ನಿಮ್ಮ ತಂಗಿನೂ ಹಂಗ ಹೇಳಿದ್ರು. ಸಿಂಗಟಾಲೂರು ಸುದ್ದಾ. ಬ್ಯಾರೆ ಬ್ಯಾರೆ ಊರಾಗಿನ ಇಬ್ಬರು ಒಂದ ಮಾತು ಹೇಳಿದ್ರ ನಂಬಬಹುದು. ಪುಸ್ತಕದಾಗ ಹಾಕ್ತೀನಿ."

ಅಜ್ಜನ ಮಾತು ಅಚ್ಚಾಗುತ್ತಿತ್ತು. ಸುಮ್ಮನಿದ್ದರೆ ಸಾಕಿತ್ತು. ಮೇಹರಸಿಂಗ ಸಾಣೆ ನಿಲ್ಲಿಸಿದ.

"ಸಿಂಗಟಾಲೂರು ಹಾಕಬ್ಯಾಡ್ರಿ ಅಕ್ಕಾರ. ಅದನ್ನ ಅಜ್ಜ ಹೇಳಿಲ್ಲ, ನಾ ಹುಟ್ಟಿಸಿದ್ದು. ತಂಗಿ ಸಣ್ಣಾಕಿ ಇದ್ಲು. ಬಕೀಟು ಮಾರಾಕ ಹೋದಾಗ ಹೊಳಿ ದಂಡ್ಯಾಗ ಕಾಲು ನೋವು ಅಂತ ಅತ್ಲು. ನಮ್ಮ ಮನೆತನದ ಮೂಲ ಮುತ್ತ್ಯಾನೂ ಇಲ್ಲೇ ಕುಂತಿದ್ದ, ಏಳು ಅಂದೆ."

"ಉಳದದ್ದು?"

"ಅದು ಖರೆ ಅಜ್ಜ ಹೇಳಿದ್ದು. ಆದ್ರ ಆಕಿಗೆ ಹೇಳಿದಾಂವನೂ ನಾನ."

"ಅಂದ್ರ ಸಾಕ್ಷಿ ಇಬ್ಬರಲ್ಲ."

"ನಾ ಒಬ್ಬನ ರೀ."

ಶಿವರಂಜನಿ ಟಿಪ್ಪಣಿ ಪುಸ್ತಕದಲ್ಲಿ ಸಿಂಗಟಾಲೂರಿನ ಮೇಲೆ ಗೀಟು ಎಳೆದಳು. ಉಳಿದ ಕತೆಯ ಪಕ್ಕದಲ್ಲಿ, 'ಹೇಳಿದವರು ಒಬ್ಬರೇ, ಬೇರೆ ಆಧಾರವಿಲ್ಲ' ಎಂದು ಬರೆದುಕೊಂಡು, ಚಹಾ ಕುಡಿದು ಹೋದಳು.

ತಂಗಿಗೂ ಹೇಳಿಬಿಡಬೇಕೆಂದು ಅವನು ಫೋನು ಹಚ್ಚಿದ. ಅವಳು ಮೊದಲ ಮಾತಿಗೇ ಕನ್ನಡಕ್ಕೆ ಇಳಿದಳು.

"ಅರವು ಮರವು ಆಗೇತೇನೋ ಅಣ್ಣಾ ನಿನಗ? ನೀ ಯಾವಾಗ ಹೇಳಿದಿ? ಅಜ್ಜನ ತೊಡಿ ಮ್ಯಾಲ ಕುಂತು ಕೇಳೀನಿ ನಾನು. ಆಂವನ ಗಡ್ಡದ ಎಣ್ಣಿ ವಾಸನಿ ಇನ್ನೂ ನೆನಪೈತಿ."

ಅಜ್ಜ ತೀರಿಕೊಂಡದ್ದು ಅವಳು ಹುಟ್ಟುವುದಕ್ಕೆ ಒಂದು ವರ್ಷ ಮೊದಲು. ಅದನ್ನು ಬಲ್ಲವರು ಈಗ ಅವನ ಹೊರತು ಯಾರೂ ಇಲ್ಲ.



ಮೇಹರಸಿಂಗ ಫೋನನ್ನು ಇನ್ನೊಂದು ಕಿವಿಗೆ ಹಿಡಿದ.

"ಅಜ್ಜ ಮತ್ತೇನು ಹೇಳಿದ್ನವಾ, ಹೇಳು."