ಬೆನ್ನಿಗಿಟ್ಟ ಕೈ

ಜಿಮ್ ಇಟ್ಟುಕೊಂಡವನ ಹಣೆಬರಹ ನನ್ನ ಶತ್ರುವಿಗೂ ಬೇಡಪ್ಪ ಎಂದು ದಿನಕ್ಕೆ ಒಂದು ಸಲವಾದರೂ ಅಂದುಕೊಳ್ಳುತ್ತೇನೆ. ಹುಣಸೂರಿನಲ್ಲಿ, ಹಿಂದೆ ಹೊಗೆಸೊಪ್ಪು ವಿಂಗಡಿಸುತ್ತಿದ್ದ ಒಂದು ಶೆಡ್ಡಿನಲ್ಲಿ ನನ್ನ ತಾಲೀಮು. ಬರುವವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಮದುವೆಗೆ ಮುಂಚೆ ತೋಳು ದಪ್ಪ ಆಗಬೇಕು. ಯಾವ ಪೌಡರ್ ತಗೊಳ್ಳಲಿ ಸಾ ಎಂದೇ ಶುರು ಮಾಡುತ್ತಾರೆ. ಮೊದಲು ಮೊಟ್ಟೆ ತಿನ್ನು, ಚೆನ್ನಾಗಿ ನಿದ್ದೆ ಮಾಡು, ಬಸ್ಕಿ ಹೊಡೆಯುವಾಗ ಹಿಮ್ಮಡಿ ಎತ್ತಬೇಡ ಎಂದು ಹೇಳಿ, ಯಾಕೆ ಎತ್ತಬಾರದು ಎಂದು ವಿವರಿಸಲು ಹೊರಟರೆ ಅವರ ಕಣ್ಣು ಆಗಲೇ ಕನ್ನಡಿಯಲ್ಲಿ ಇರುತ್ತದೆ. ಕೋಣನ ಮುಂದೆ ಕಿನ್ನರಿ. ಆದರೂ ಹೇಳುತ್ತೇನೆ. ಕಾರಣ ಹೇಳದೆ ಬಿಟ್ಟರೆ ನನಗೆ ಉಂಡ ಅನ್ನ ಅರಗುವುದಿಲ್ಲ.

ಈ ಚಟ ಹತ್ತಿದ್ದು ಕಾರಣ ಹೇಳದ ಗುರುಗಳ ದೆಸೆಯಿಂದ. ಕೆ.ಆರ್. ನಗರದಲ್ಲಿ ಸೋದರಮಾವ ನನ್ನನ್ನು ಗರಡಿಗೆ ಸೇರಿಸಿದಾಗ ಇನ್ನೂ ಮೀಸೆ ಚಿಗುರಿರಲಿಲ್ಲ. ಇಷ್ಟೊಂದು ಬಸ್ಕಿ ಯಾಕೆ ಎಂದು ಕೇಳಿದ್ದಕ್ಕೆ ಅಲ್ಲಿನ ಉಸ್ತಾದರು, "ಯಾಕೆ ಅನ್ನೋನು ಕುಸ್ತಿ ಆಡಕ್ಕಿಲ್ಲ ಕಣ್ಲಾ" ಎಂದು ಇನ್ನೂ ನೂರು ಹೊಡೆಸಿದರು. ಒಂದು ದಿನ ಪಟ್ಟು ತೋರಿಸಲು ಅವರೇ ನನ್ನನ್ನು ಎತ್ತಿ ಒಗೆದರು. ಭುಜದ ಮೂಳೆ ಬಿರುಕು ಬಿಟ್ಟಿತು. ನೀನು ಮೈ ಬಿಗಿ ಹಿಡಿದೆ, ಅದಕ್ಕೇ ಎಂದರು. ಮೈಸೂರಿನಲ್ಲಿ ದೈಹಿಕ ಶಿಕ್ಷಣ ಓದುವಾಗ ಜಿಮ್ನಾಸ್ಟಿಕ್ಸ್‌ಗೆ ಸೇರಿದೆ. ಬೇರೆಯವರು ಅದನ್ನು ಬಿಡುವ ವಯಸ್ಸು ಅದು. ಒಮ್ಮೆ ಎತ್ತರದ ಅಡ್ಡಕಂಬಿಯಿಂದ ಬಿದ್ದೆ. ಕೆಳಗಿನ ಮ್ಯಾಟು ಪಕ್ಕಕ್ಕೆ ಸರಿದಿತ್ತು, ಎಲ್ಲರಿಗೂ ಕಾಣುತ್ತಿತ್ತು. ನಿನಗೆ ಧೈರ್ಯ ಸಾಲದು ಎಂದರು ಕೋಚ್. ಆಮೇಲೆ ಎಚ್.ಡಿ. ಕೋಟೆ ದಾಟಿ, ಬಾವಲಿ ದಾಟಿ, ವಯನಾಡಿನ ಒಂದು ಕಳರಿಯಲ್ಲಿ, ಅಂದರೆ ಅಲ್ಲಿನವರ ಗರಡಿಯಲ್ಲಿ, ಎರಡು ಮಳೆಗಾಲ ಕಳೆದೆ. ಅಲ್ಲಿನ ಗುರುಗಳು ಮೈಗೆಲ್ಲ ಎಣ್ಣೆ ಬಳಿಸಿ, ಅದೇ ಎಣ್ಣೆ ಚೆಲ್ಲಿದ ನೆಲದ ಮೇಲೆ ನೆಗೆಸಿದರು. ಜಾರಿ ಬಿದ್ದರೆ, ನಿನ್ನ ಮನಸ್ಸು ಇಲ್ಲಿಲ್ಲ ಎಂದು ಮಲಯಾಳಂನಲ್ಲಿ ಬೈದರು. ಊರು ಬದಲಾಯಿತು, ವಿದ್ಯೆ ಬದಲಾಯಿತು, ತಪ್ಪು ಮಾತ್ರ ಯಾವಾಗಲೂ ಬಿದ್ದವನದೇ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ನಾನು ಕಂಡ ಗುರುಗಳದ್ದು ಶಿಷ್ಯ ಬಿದ್ದರೂ ಮಣ್ಣಾಗದ ಮೀಸೆ.

ನನ್ನ ಶೆಡ್ಡಿನಲ್ಲಿ ಹಾಗಾಗಬಾರದು ಎಂದು ಶಪಥ ಮಾಡಿದ್ದೆ. ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಪ್ರತಿ ನೆಗೆತವನ್ನೂ ವಿಡಿಯೊ ಮಾಡುವುದು, ನಿಧಾನಕ್ಕೆ ಓಡಿಸಿ ನೋಡುವುದು, ಮಂಡಿ ಎಷ್ಟು ಬಾಗಿತು, ಸೊಂಟ ಎಷ್ಟು ತೆರೆಯಿತು ಎಂದು ಅಳೆದು ಪುಸ್ತಕದಲ್ಲಿ ಬರೆಯುವುದು. ಸುಳ್ಳು ಹೇಳದ ಗುರು ಅಂದರೆ ಕ್ಯಾಮೆರಾ ಒಂದೇ ಎಂದು ಹುಡುಗರಿಗೆ ಭಾಷಣ ಬಿಗಿಯುತ್ತಿದ್ದೆ.

ಹೋದ ವರ್ಷ ರಾವಂದೂರು ಕಡೆಯಿಂದ ಒಬ್ಬಳು ಬಂದಳು. ಡಿಗ್ರಿ ಎರಡನೇ ವರ್ಷ. ಬೇಸಾಯದ ಮನೆಯವಳು, ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಒಳಗೆ ಅಡ್ಡಮರಗಳ ಮೇಲೆ ಕಾಲಗಲಿಸಿ ನಿಂತು ಸೊಪ್ಪಿನ ಕಡ್ಡಿ ಏರಿಸುತ್ತಾ ಬೆಳೆದವಳು. ಅವಳಿಗೆ ನಿಲುವು ಕಲಿಸುವ ಕೆಲಸ ನನಗೆ ಉಳಿದಿರಲಿಲ್ಲ. ವಿಶ್ವವಿದ್ಯಾಲಯದ ಜಿಮ್ನಾಸ್ಟಿಕ್ಸ್ ತಂಡಕ್ಕೆ ಆಯ್ಕೆಯಾಗಬೇಕು ಎನ್ನುವುದು ಅವಳ ಆಸೆ. ಅದಕ್ಕೆ ಬೇಕಾದ್ದರಲ್ಲಿ ಬಾರದೆ ಇದ್ದದ್ದು ಒಂದೇ: ಹಿಂದಕ್ಕೆ ನೆಗೆದು, ಕೈಯೂರಿ, ಮತ್ತೆ ಕಾಲ ಮೇಲೆ ನಿಲ್ಲುವ ಲಾಗ. ಅವಳ ಅವ್ವ ಮೊದಲ ದಿನವೇ ಬಂದು, ಈ ಒಂದು ಸಲ ನೋಡುತ್ತೇನೆ, ಆಯ್ಕೆ ಆಗದಿದ್ದರೆ ಈ ನೆಗೆದಾಟಕ್ಕೆಲ್ಲ ಮುಗಿಯಿತು ಎಂದು ಹೇಳಿ ಹೋಗಿದ್ದರು.

ಆ ದಿನ ನಾನು ಅವಳ ಪಕ್ಕದಲ್ಲಿ ಮಂಡಿಯೂರಿ ಕೂತಿದ್ದೆ. ಒಂದು ಕೈ ಬೆನ್ನಿಗೆ, ಇನ್ನೊಂದು ತೊಡೆಯ ಹಿಂದಕ್ಕೆ. ಕೈ ಇಟ್ಟೇ ಇರುತ್ತೇನೆ, ಹೆದರಬೇಡ ಎಂದೂ ಹೇಳಿದ್ದೆ. ಹತ್ತಾರು ಲಾಗ ಚೆನ್ನಾಗಿಯೇ ಹಾಕಿದಳು. ಆದರೆ ವಿಡಿಯೊದಲ್ಲಿ ಪ್ರತಿ ಸಲವೂ ನನ್ನ ತೋಳು ಅಡ್ಡ ಬಂದು ಅವಳ ಸೊಂಟ ಕಾಣುತ್ತಿರಲಿಲ್ಲ. ಅಳೆಯದೆ ನನಗೆಲ್ಲಿ ಸಮಾಧಾನ. ಮುಂದಿನ ಸಲ, ಅವಳ ಕಾಲು ನೆಲ ಬಿಟ್ಟ ಕೂಡಲೇ ಬೆನ್ನಿನ ಕೈಯನ್ನು ತೆಗೆದುಬಿಟ್ಟೆ. ಅವಳಿಗೆ ಹೇಳದೆ ತೆಗೆದೆ. ಊರಿದ ಕೈ ಮಡಚಿ, ಮೊಣಕೈ ಕೀಲು ತಪ್ಪಿತು.

ಅವಳ ಅವ್ವ ಹೊಲದಿಂದ ನೇರ ಆಸ್ಪತ್ರೆಗೆ ಬಂದರು, ಕೈಯ ಮಣ್ಣೂ ತೊಳೆದಿರಲಿಲ್ಲ. ಹೇಗಾಯಿತು ಎಂದು ಕೇಳಿದರು. ಕೈ ಮಡಚಿಬಿಟ್ಟಳು ಎಂದೆ. ಸುಳ್ಳೇನಲ್ಲ, ಮಡಚಿದ್ದು ನಿಜ. ಅವರು ಅಲ್ಲೇ ಮಗಳಿಗೆ ಬೈಯತೊಡಗಿದರು, ಮೇಷ್ಟ್ರು ಹೇಳಿದ ಹಾಗೆ ಕೇಳುವುದಕ್ಕೆ ನಿನಗೇನು ರೋಗ ಎಂದು. ಅವಳು ಒಂದು ಸಲ ನನ್ನ ಮುಖ ನೋಡಿ ಗೋಡೆಯ ಕಡೆ ತಿರುಗಿಕೊಂಡಳು. ಮಾರನೆಯ ದಿನ ವಿಡಿಯೊ ನೋಡಿದೆ. ಮೊದಲು ನನ್ನ ಕೈ ಸರಿಯುತ್ತದೆ, ಆಮೇಲೆ ಅವಳ ಮೊಣಕೈ ಮಡಚುತ್ತದೆ. ನಾನು ಮೊದಲಿನ ತುಂಡನ್ನು ಕತ್ತರಿಸಿ ತೆಗೆದು, ಮೊಣಕೈ ಮಡಚುವುದನ್ನಷ್ಟೇ ಅವಳಿಗೆ ಕಳಿಸಿದೆ. ಜೊತೆಗೆ ಮೊಣಕೈ ಹೇಗೆ ಬಿಗಿಯಬೇಕು ಎಂದು ಉದ್ದಕ್ಕೆ ಉಪದೇಶ ಬೇರೆ.

ಎರಡು ತಿಂಗಳಾದ ಮೇಲೆ ಮತ್ತೆ ಬಂದಳು. ಕೈ ನೆಟ್ಟಗೆ ಚಾಚುತ್ತಿತ್ತು. ನನ್ನ ಪುಸ್ತಕದ ಲೆಕ್ಕದಲ್ಲಿ ಅವಳ ಶಕ್ತಿ ಮುಂಚಿಗಿಂತ ಜಾಸ್ತಿಯೇ ಆಗಿತ್ತು. ಲಾಗ ಮಾತ್ರ ಇಲ್ಲ. ನಿಲ್ಲುತ್ತಾಳೆ, ಕೈ ಎತ್ತುತ್ತಾಳೆ, ಮಂಡಿ ಬಗ್ಗಿಸುತ್ತಾಳೆ, ಹಾಗೇ ಕೈ ಇಳಿಸುತ್ತಾಳೆ. ದಿನಾ ಇದೇ. ತೆಂಗಿನ ನಾರಿನ ಪುಡಿ ತುಂಬಿದ ಮೂಟೆ ಹಾಸಿದೆ, ಭಯ ಹೇಗೆ ಹುಟ್ಟುತ್ತದೆ ಎಂದು ಪಾಠ ಹೇಳಿದೆ, ಉಸಿರಾಟ ಕಲಿಸಿದೆ. ನಿಲ್ಲುತ್ತಾಳೆ, ಕೈ ಎತ್ತುತ್ತಾಳೆ, ಇಳಿಸುತ್ತಾಳೆ. ನನ್ನ ತಲೆ ಕೆಟ್ಟು ಗೊಬ್ಬರವಾಯಿತು. ನೆಲ ಜಾರುತ್ತದೆಯೇನೋ ಸಾ ಎಂದು ಅವಳು ಒಮ್ಮೆ ಅಂದದ್ದಕ್ಕೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಹುಡುಗರ ಮುಂದೆಯೇ ಅಂದೆ. ಅವರು ನಕ್ಕರು. ಈಗ ಇದನ್ನು ಬರೆಯಲೂ ನಾಚಿಕೆಯಾಗುತ್ತದೆ.

ಆಯ್ಕೆಗೆ ನಾಲ್ಕು ದಿನ ಉಳಿದಿತ್ತು. ಅವಳು ಮತ್ತೆ ಕೈ ಇಳಿಸಿದಾಗ ನಾನು ಕೂಗಾಡಿದೆ.

"ಕೈಗೆ ಶಕ್ತಿ ಇದೆ, ಕಾಲಿಗೆ ಶಕ್ತಿ ಇದೆ, ಎಲ್ಲಾ ಬರೆದಿಟ್ಟಿದ್ದೀನಿ. ಇನ್ನೇನಮ್ಮ ಬೇಕು ನಿನಗೆ?"

"ನೀವು ಕೈ ಇಟ್ಟಿರ್ತೀರಾ ಸಾ?" ಎಂದಳು.

"ಇಟ್ಟೇ ಇದೀನಲ್ಲ."

"ಅವತ್ತೂ ಅಂಗೇ ಅಂದಿದ್ರಿ."

ಆಗಲೂ ನನಗೆ ಬುದ್ಧಿ ಬರಲಿಲ್ಲ. ವಿಡಿಯೊ ನೋಡಿದ್ದೀಯಲ್ಲ, ಮೊಣಕೈ ಮಡಚಿದ್ದು ಕಾಣಲಿಲ್ಲವೇ ಎಂದು ಕೇಳಿದೆ. ಅವಳು ದನಿ ಏರಿಸದೆ ಹೇಳಿದಳು.

"ವಿಡಿಯೊ ಯಾಕೆ ಸಾ? ಕೈ ಇದ್ಯೋ ಇಲ್ವೋ ಅಂತ ಬೆನ್ನಿಗೆ ಗೊತ್ತಾಗಕ್ಕಿಲ್ವಾ?"

ನಾಲಗೆಯ ತುದಿಗೆ ಹತ್ತು ಸಬೂಬು ಬಂದವು, ಹತ್ತೂ ಶಾಸ್ತ್ರೋಕ್ತವಾದವು. ಗರಡಿಯಲ್ಲಿ ಭುಜ ಹಿಡಿದುಕೊಂಡು ಕೂತಿದ್ದಾಗ ಉಸ್ತಾದರ ಮೇಲೆ ನನಗೆ ಎಂಥ ಸಿಟ್ಟಿತ್ತೋ ಆ ಸಿಟ್ಟು ಈಗ ನನ್ನ ಮೇಲೆಯೇ ಬಂತು.

"ಕೈ ತೆಗೆದೋನು ನಾನೇ" ಎಂದೆ. "ಕ್ಯಾಮೆರಾಗೆ ಅಡ್ಡ ಬರ್ತಿತ್ತು ಅಂತ ತೆಗೆದೆ. ತಪ್ಪು ನಂದು."

ಅವಳ ಮುಖದಲ್ಲಿ ಆಶ್ಚರ್ಯವೂ ಇಲ್ಲ, ಗೆದ್ದೆ ಎನ್ನುವುದೂ ಇಲ್ಲ. "ಅದನ್ನ ನಮ್ಮವ್ವುಂಗೆ ಯೋಳಿ" ಎಂದಳು.

ಅಲ್ಲೇ ನಿಂತು ಫೋನು ಮಾಡಿ ಹೇಳಿದೆ. ಆ ಕಡೆ ಅವರು ಪಂಪ್‌ಸೆಟ್ಟು ಆರಿಸಿದ್ದು ಕೇಳಿಸಿತು. ಆಮೇಲೆ, "ಅವತ್ತಿಂದ ಕೂಸ್ಗೆ ಬೈತಾ ಇವ್ನಿ ಮೇಷ್ಟ್ರೇ. ಒಂದ್ ಸಲಾನೂ ನಿಮ್ಮ ಎಸ್ರು ಎತ್ಲಿಲ್ಲ ಅದು" ಎಂದರು. ಬೈದಿದ್ದರೆ ಚೆನ್ನಾಗಿತ್ತು. ನಾಳೆ ನಾನೂ ಬರುತ್ತೇನೆ ಎಂದು ಫೋನಿಟ್ಟರು.

ಮಾರನೆಯ ದಿನ ಮೊದಲ ಬಸ್ಸಿಗೇ ತಾಯಿ ಮಗಳು ಬಂದರು. ಅವ್ವ ಮ್ಯಾಟಿನ ಅಂಚಿನಲ್ಲಿ ಕಾಲು ಮಡಚಿ ಕೂತು, ನೀವು ಕೈ ಎಲ್ಲಿ ಇಡುತ್ತೀರಿ ತೋರಿಸಿ ಎಂದರು. ತೋರಿಸಿದೆ. ಎಲ್ಲಿಯವರೆಗೆ ಇಟ್ಟಿರುತ್ತೀರಿ ಎಂದರು. ಅವಳ ಕಾಲು ಮತ್ತೆ ನೆಲಕ್ಕೆ ಬರುವವರೆಗೆ ಎಂದೆ. ಮಗಳು ಬಂದು ನಿಂತಳು. ಕೈ ಎತ್ತಿದಳು, ಮಂಡಿ ಬಗ್ಗಿಸಿದಳು. ನನ್ನ ಕೈ ಅವಳ ಬೆನ್ನಿಗೇ ಇತ್ತು. ಅವಳು ನೆಗೆದಳು, ಕೈಯೂರಿದಳು, ನಿಂತಳು. ಹುಡುಗರು ಚಪ್ಪಾಳೆ ತಟ್ಟಿದರು. ನಾನು ಹೆಮ್ಮೆಯಿಂದ ಅವಳ ಅವ್ವನ ಕಡೆ ತಿರುಗಿದೆ. ಅವರು ಮಗಳನ್ನು ನೋಡಿರಲೇ ಇಲ್ಲ, ಇನ್ನೂ ನನ್ನ ಕೈಯನ್ನೇ ನೋಡುತ್ತಿದ್ದರು.

"ಇನ್ನೊಂದ್ ಸಲ ಮಾಡ್ಸಿ ಮೇಷ್ಟ್ರೇ" ಎಂದರು.